ಗುರುವಾರದ ಎರಡು ಗಂಟು

ನಾನು ಒಂದು ಮುಚ್ಚಳ. ಬೆಳ್ಳಿಯದಲ್ಲ, ಹಿತ್ತಾಳೆಯದೂ ಅಲ್ಲ, ಅಲ್ಯೂಮಿನಿಯಂ ಮುಚ್ಚಳ. ಹುಬ್ಬಳ್ಳಿಯ ಒಂದು ಪಾತ್ರೆ ಕಾರ್ಖಾನೆಯಲ್ಲಿ ತಗಡಿನ ಹಾಳೆಯಿಂದ ನನ್ನನ್ನು ದುಂಡಗೆ ಕತ್ತರಿಸಿದರು, ಅಚ್ಚಿಗೆ ಒತ್ತಿದರು, ಅಂಚು ಮಡಚಿ ನೆತ್ತಿಗೊಂದು ಹಿಡಿಕೆ ಬಡಿದರು. ಬಡಿದು ಮುಗಿಸುವ ಹೊತ್ತಿಗೆ ನನ್ನ ಬಾಳಿನ ಕೆಲಸವೂ ನಿಶ್ಚಯವಾಗಿತ್ತು. ಮುಚ್ಚುವುದು.

ಆರು ವರ್ಷ ಮುಚ್ಚಿದೆ. ಹಾವೇರಿ ಸೀಮೆಯ ಸಣ್ಣಕೊಪ್ಪ ಎಂಬ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ, ಬಿಸಿಯೂಟದ ಅಡಿಗೆಮನೆಯಲ್ಲಿ, ಪಲ್ಯದ ಪಾತ್ರೆಯ ಮೇಲೆ ಕೂತು ಹಬೆ ಕುಡಿದೆ. ಒಂದು ದಿನ ಪಾತ್ರೆಯ ತಳ ತೂತಾಯಿತು. ಗುಜರಿಯವನು ಬಂದು ಅದನ್ನು ಒಯ್ದ. ಆ ಹೊತ್ತಿಗೆ ನಾನು ಬೇಳೆ ಡಬ್ಬಿಯ ಹಿಂದೆ ಜಾರಿ ಬಿದ್ದಿದ್ದೆ. ಅವನ ಕಣ್ಣಿಗೆ ಬೀಳಲಿಲ್ಲ, ಉಳಿದೆ. ಪಾತ್ರೆಯಿಲ್ಲದ ಮುಚ್ಚಳಕ್ಕೆ ಮನೆಯಲ್ಲಿ ಎಂಥ ಮರ್ಯಾದೆ ಸಿಗುತ್ತದೆಂದು ನಿಮಗೆ ಗೊತ್ತೇ ಇದೆ. ಅಡಿಗೆಯ ಹನುಮವ್ವ ಬಾಗಿಲು ಗಾಳಿಗೆ ಬಡಿಯದಂತೆ ನನ್ನನ್ನು ಅದರ ಕೆಳಗೆ ತುರುಕುತ್ತಿದ್ದಳು.

ಅಲ್ಲಿಂದ ನನ್ನನ್ನು ಎತ್ತಿದವಳು ಫಕ್ಕೀರವ್ವ ಮಡಿವಾಳರ. ಒಂಬತ್ತನೇ ತರಗತಿಯ ಹುಡುಗಿ. ಮಾತು ಹೊರಡುವ ಮೊದಲೇ ಅವಳ ಹುಬ್ಬು ಮೇಲೇರುತ್ತಿತ್ತು. ಅವಳ ತಾಯಿ ನೀಲವ್ವ ಊರ ಪಕ್ಕದ ಗೌರಿಹಳ್ಳದಲ್ಲಿ, ನೀರಿಗೆ ಅಡ್ಡ ಕಟ್ಟಿದ ಬಾಂದಾರದ ಕೆಳಗಿನ ಕಲ್ಲಿನ ಮೇಲೆ, ಊರವರ ಬಟ್ಟೆ ಒಗೆಯುತ್ತಿದ್ದಳು. ಆ ಸಲ ಮಳೆಗಾಲ ಮುಗಿದ ಮೇಲೂ ಗುರುವಾರ ಒಗೆದ ಬಿಳಿ ಬಟ್ಟೆ ಮಾತ್ರ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಊರ ದೊಡ್ಡ ಮನೆಯೊಂದರ ಹೆಂಗಸು ಒಗೆದು ತಂದ ಧೋತರಗಳನ್ನು ಅಂಗಳದಲ್ಲಿ ಫಕ್ಕೀರವ್ವನ ಕಾಲ ಬಳಿ ಚೆಲ್ಲಿ, ನಿಮ್ಮವ್ವನ ಕೈ ಸೋತಾವೇನು ಎಂದು ಕೇಳಿದಳು, ಅಂದಿನಿಂದ ಬಟ್ಟೆ ಕೊಡುವುದನ್ನೇ ನಿಲ್ಲಿಸಿದಳು. ಮಳೆಯಿಲ್ಲದೆಯೂ ಗುರುವಾರ ಹಳ್ಳ ರಾಡಿಯಾಗುತ್ತದೆ ಎಂದು ನೀಲವ್ವ ಎಷ್ಟು ಹೇಳಿದರೂ ಜನ ನಕ್ಕರು. ಗುರುವಾರ ಮಠದ ಅಜ್ಜನ ವಾರ, ಎಲ್ಲರೂ ಸ್ನಾನಕ್ಕೆ ಇಳಿಯುತ್ತಾರೆ, ಕಲಕುತ್ತದೆ ಎಂದರು ಕೆಲವರು. ಎಮ್ಮೆ ಇಳಿದಿರಬೇಕು ಎಂದರು ಇನ್ನು ಕೆಲವರು.

ನಗದೇ ಇದ್ದವರು ವಿಜ್ಞಾನದ ಇಟಗಿ ಮಾಸ್ತರೊಬ್ಬರೇ. ಎಷ್ಟು ರಾಡಿ ಎಂದು ಕೇಳಿದರು. ಬಹಳ ಎಂದಳು ಫಕ್ಕೀರವ್ವ. ಬಹಳ ಎನ್ನುವುದು ಅಳತೆಯಲ್ಲ ಎಂದರು ಅವರು. ಆಮೇಲೆ ಬೋರ್ಡಿನ ಮೇಲೆ ಒಂದು ವೃತ್ತ ಬರೆದು, ನಾಲ್ಕು ಭಾಗ ಮಾಡಿ, ಎರಡಕ್ಕೆ ಕಪ್ಪು ತುಂಬಿದರು. ಇಂಥ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡಬೇಕು, ಕಣ್ಣಿಗೆ ಕಾಣದಾದಾಗ ಹಗ್ಗ ಎಷ್ಟು ಇಳಿದಿದೆ ಎಂದು ನೋಡಬೇಕು, ಸಮುದ್ರದ ನೀರನ್ನೂ ಹೀಗೇ ಅಳೆಯುತ್ತಾರೆ ಎಂದು ವಿವರಿಸಿದರು.

ಮರುದಿನ ಸೈಕಲ್ ಅಂಗಡಿಯಲ್ಲಿ ನನ್ನ ಹಿಡಿಕೆ ಕಿತ್ತು, ನಟ್ಟನಡುವೆ ತೂತು ಕೊರೆದರು. ನೋವಾಯಿತೇ ಎಂದರೆ, ಆಯಿತು. ಶಾಲೆಯ ಗೇಟಿಗೆ ಹಚ್ಚಿ ಉಳಿದ ಬಣ್ಣವನ್ನು ಫಕ್ಕೀರವ್ವನ ಗೆಳತಿ ಮೆಹಜಬೀನ್ ನದಾಫ ನನಗೆ ಬಳಿದಳು. ಅವಳು ಕಂಪಾಸ್ ಇಲ್ಲದೆ ಗೆರೆ ಎಳೆಯದ ಹುಡುಗಿ; ಗೆರೆ ಕೂದಲೆಳೆಯಷ್ಟು ಸರಿದಿದೆಯೆಂದು ಎರಡು ಸಲ ಒರೆಸಿ ಮತ್ತೆ ಹಚ್ಚಿದಳು. ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಗಂಟು, ನನ್ನ ಹೊಟ್ಟೆಯ ಕೆಳಗೊಂದು ಕಲ್ಲು.

ನೀರಿಗೆ ಇಳಿದ ಮೊದಲ ಮುಂಜಾನೆ ನನಗೆ ಚೆನ್ನಾಗಿ ನೆನಪಿದೆ. ನಾನು ಇಳಿಯುತ್ತಿದ್ದೆ, ಮೇಲೆ ಬಾಂದಾರದ ಅಂಚಿನಲ್ಲಿ ಎರಡು ಮುಖಗಳು ಬಾಗಿದ್ದವು. ಅವರು ನನ್ನನ್ನು ಹುಡುಕುವಷ್ಟು ಹೊತ್ತು ನಾನೂ ಅವರನ್ನು ನೋಡುತ್ತಿದ್ದೆ. ಮೊದಲು ಮೆಹಜಬೀನಳ ಕನ್ನಡಕ ಮಸುಕಾಯಿತು, ಆಮೇಲೆ ಫಕ್ಕೀರವ್ವನ ಹುಬ್ಬು. ಹನ್ನೊಂದನೇ ಗಂಟಿಗೆ ಇಬ್ಬರೂ ಕರಗಿಹೋದರು. ಅದು ಸೋಮವಾರ. ಗುರುವಾರ ಎರಡನೇ ಗಂಟಿಗೇ ಕತ್ತಲು.

ದಿನಾ ಬೆಳಿಗ್ಗೆ ಏಳು ಗಂಟೆಗೆ, ಅಕ್ಟೋಬರಿನಿಂದ ಜನವರಿಯ ಕೊನೆಯವರೆಗೆ, ಹದಿನಾರು ವಾರ. ಬೇರೆ ದಿನ ಹತ್ತು, ಹನ್ನೊಂದು. ಗುರುವಾರ ಎರಡು. ಏಳು ಗಂಟೆಗೆ ಹಳ್ಳದಲ್ಲಿ ಸ್ನಾನದವರೂ ಇರಲಿಲ್ಲ, ಎಮ್ಮೆಯೂ ಇರಲಿಲ್ಲ. ಮೆಹಜಬೀನ್ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ಒಂದು ದಿನ ಹಳ್ಳಕ್ಕೊಂದು ನಿಂಬೆಹಣ್ಣು ಬಿಟ್ಟು, ಅದು ನೂರು ಮೀಟರ್ ತೇಲಲು ನಾಲ್ಕೂಕಾಲು ನಿಮಿಷ ಹಿಡಿಯಿತೆಂದು ಅದನ್ನೂ ಬರೆದಳು. ಅದು ಯಾಕೆ ಬೇಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಇಟಗಿ ಮಾಸ್ತರು ಆ ಕೆಲಸವನ್ನು ವಿದ್ಯಾರ್ಥಿಗಳ ಸಂಶೋಧನಾ ಸ್ಪರ್ಧೆಗೆ ಕಳಿಸಿದರು. ಫೆಬ್ರುವರಿಯಲ್ಲಿ ಧಾರವಾಡದಿಂದ ಕರೆ ಬಂತು.

ಒಂದು ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಅರವತ್ತು ಟೇಬಲ್‌ಗಳು. ನನ್ನನ್ನು ಒಂದು ಇಟ್ಟಿಗೆಗೆ ಒರಗಿಸಿ ನಿಲ್ಲಿಸಿದರು. ನಮ್ಮ ಸಾಲಿನವರದೆಲ್ಲ ನೀರಿನ ವಿಷಯ. ಪಕ್ಕದ ಟೇಬಲ್‌ನಲ್ಲಿ ಕಾರವಾರದ ಮೂವರು ಹುಡುಗಿಯರು ಅಳಿವೆಯ ಉಪ್ಪಿನಂಶ ಅಳೆದು ತಂದಿದ್ದರು. ಎದುರಿನದು ಕಲ್ಲಾಪುರ ಪಟ್ಟಣದ ಒಂದು ಖಾಸಗಿ ಶಾಲೆಯ ತಂಡ. ಅವರ ಮುಂದಾಳು ಓಂಕಾರ್ ಬೆಟಗೇರಿ, ಹತ್ತನೇ ತರಗತಿ, ಇಸ್ತ್ರಿ ಮಾಡಿದ ಕೋಟು. ಅವರ ಬಳಿ ನೀರಿನ ರಾಡಿಯನ್ನು ಗಂಟೆಗೊಮ್ಮೆ ತಾನೇ ಅಳೆದು ಬರೆದಿಡುವ ಸೆನ್ಸರ್ ಇತ್ತು. ಪೆಟ್ಟಿಗೆಯ ಮೇಲೆ ಹಸಿರು ದೀಪ ಮಿಣುಕುತ್ತಿತ್ತು. ಅದರ ಮುಂದೆ ನಾನು ಹೇಗೆ ಕಾಣುತ್ತಿದ್ದೆನೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ದಿನ ಬಂದ ತೀರ್ಪುಗಾರರು ನನ್ನನ್ನು ಎತ್ತಿ ತಿರುಗಿಸಿ ನೋಡಿದರು. ಪ್ರಯತ್ನ ಮೆಚ್ಚುವಂಥದ್ದು, ಆದರೆ ಕಣ್ಣಳತೆಯ ಮೇಲೆ ಹೆಚ್ಚು ಹೇಳಲಾಗದು ಎಂದರು. ಊರವರಂತೆ ಅವರೂ ಗುರುವಾರದ ಸ್ನಾನದ ಮಾತೆತ್ತಿದರು. ಫಕ್ಕೀರವ್ವ ಏಳು ಗಂಟೆಯ ಲೆಕ್ಕ ಹೇಳುವಷ್ಟರಲ್ಲಿ ಮುಂದಿನ ಟೇಬಲ್‌ಗೆ ಹೋಗಿದ್ದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಂಕಾರ್ ನಮ್ಮ ಟೇಬಲ್‌ಗೆ ಬಂದ. ಇದು ಸಾರಿನ ಪಾತ್ರೆಯ ಮುಚ್ಚಳವಲ್ಲವೇ ಎಂದು ಕೇಳಿದ. ಪಲ್ಯದ್ದು ಎಂದಳು ಫಕ್ಕೀರವ್ವ. ಯಾವ ಹಳ್ಳ ಎಂದು ಕೇಳಿದ. ಗೌರಿಹಳ್ಳ ಎಂದಾಗ ಅವನ ಮುಖದ ನಗು ನಿಂತಿತು. ಅವರದೂ ಅದೇ ಹಳ್ಳ. ಕಲ್ಲಾಪುರ ಇರುವುದು ಮೇಲ್ಭಾಗದಲ್ಲಿ, ಸಣ್ಣಕೊಪ್ಪ ಕೆಳಗೆ. ಹದಿನಾರು ವಾರ ಒಂದೇ ನೀರನ್ನು ಎರಡು ಕಡೆ ನಿಂತು ಅಳೆದಿದ್ದರು. ಒಬ್ಬರ ಸುದ್ದಿ ಒಬ್ಬರಿಗಿರಲಿಲ್ಲ.

ಫಕ್ಕೀರವ್ವ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವನ ಟೇಬಲ್‌ಗೆ ಹೋದಳು. ಗೋಡೆಯಗಲದ ನಕ್ಷೆ, ನೀಲಿ ಗೆರೆ. ಸ್ವಲ್ಪ ಹೊತ್ತು ನೋಡಿದಳು.

"ಬುಧವಾರದ ಜಾಗಾ ಯಾಕ ಖಾಲಿ ಐತಿ?"

"ಅವತ್ತ ನಾವು ಸೆನ್ಸರ್ ತೊಳೀತೀವಿ. ಕೆಳಗಿನ ಕೆಸರು ಏಳತೈತಿ. ಅದು ತಪ್ಪು ಲೆಕ್ಕ, ತಗದುಬಿಡ್ರಿ ಅಂದ್ರು ನಮ್ಮ ಸರ್."

"ತೊಳಿಯೂದು ಎಷ್ಟೊತ್ತಿಗೆ?"

"ಸಂಜಿ ನಾಕಕ್ಕ."

"ರಾಡಿ ಏಳೂದು?"

ಓಂಕಾರ್ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು, ತೆಗೆದುಹಾಕಿದ್ದ ಅಂಕಿಗಳನ್ನು ಹುಡುಕಿದ. ಅವನ ಕಿವಿ ನಿಧಾನವಾಗಿ ಕೆಂಪಾಗುವುದನ್ನು ನಾನು ಕೆಳಗಿನಿಂದ ನೋಡಿದೆ.

"ಮುಂಜಾನಿ ಹನ್ನೊಂದಕ್ಕ," ಎಂದ ಮೆಲ್ಲಗೆ. ತೊಳೆಯುವುದಕ್ಕೆ ಐದು ತಾಸು ಮೊದಲೇ.

ಆಮೇಲಿನದು ಬಹಳ ಬೇಗ ಆಯಿತು. ಮೆಹಜಬೀನ್ ನೋಟ್‌ಬುಕ್ ತಂದಳು. ಕಲ್ಲಾಪುರದಿಂದ ಸಣ್ಣಕೊಪ್ಪಕ್ಕೆ ಹಳ್ಳದ ಗುಂಟ ಎಷ್ಟು ದೂರವೆಂದು ಗೊತ್ತಿರಲಿಲ್ಲ. ಕಾರವಾರದ ಹುಡುಗಿಯರಲ್ಲಿ ಉದ್ದನೆಯ ನಾಗವೇಣಿ ಎಂಬವಳು ತನ್ನ ನಕ್ಷೆಪುಸ್ತಕ ತಂದು, ಹಳ್ಳದ ತಿರುವಿಗೆಲ್ಲ ದಾರ ಇಟ್ಟು ಅಳೆದಳು. ಇಪ್ಪತ್ತೆಂಟು ಕಿಲೋಮೀಟರ್. ನಿಂಬೆಹಣ್ಣಿನ ಲೆಕ್ಕದಲ್ಲಿ ನೀರು ಅಷ್ಟು ದೂರ ಬರಲು ಸುಮಾರು ಇಪ್ಪತ್ತು ತಾಸು ಬೇಕು. ಬುಧವಾರ ಹನ್ನೊಂದಕ್ಕೆ ಅಲ್ಲಿ ಎದ್ದ ರಾಡಿ, ಗುರುವಾರ ಬೆಳಿಗ್ಗೆ ಏಳಕ್ಕೆ ಇಲ್ಲಿ. ಒಂದೊಂದೇ ವಾರ ಓದುತ್ತಾ ಹೋದರು. ಹದಿನಾರರಲ್ಲಿ ಒಂದು ವಾರ ಮಾತ್ರ ಎರಡೂ ಕಡೆ ನೀರು ತಿಳಿಯಾಗಿತ್ತು. ಯಾವ ವಾರವೆಂದು ನೋಡಿದರೆ ದೀಪಾವಳಿಯದು.

"ಅಂದ್ರ ಇದನ್ನ ಮಾಡೋರು ಹಬ್ಬಕ್ಕ ಸೂಟಿ ಮಾಡ್ತಾರ," ಎಂದಳು ಮೆಹಜಬೀನ್.

ಅಲ್ಲಿಯವರೆಗೆ ಅದು ಹಳ್ಳದ ಗುಣವಾಗಿತ್ತು. ಈಗ ಅದರ ಹಿಂದೆ ಮನುಷ್ಯರಿದ್ದರು.

ನನ್ನ ಕಣ್ಣಳತೆಯ ಮಾತೊಂದು ಉಳಿದಿತ್ತು. ಅದನ್ನೂ ಅಂದೇ ತೀರಿಸಿದರು. ಕಾಲೇಜಿನ ತೋಟದಲ್ಲೊಂದು ಆಳವಾದ ನೀರಿನ ತೊಟ್ಟಿ ಇತ್ತು. ಸೆನ್ಸರನ್ನೂ ನನ್ನನ್ನೂ ಒಟ್ಟಿಗೆ ಇಳಿಸಿದರು. ಮಣ್ಣು ಕಲಸಿ ಸುರಿದರು, ಮತ್ತೆ ಇಳಿಸಿದರು, ಮತ್ತೆ ಸುರಿದರು. ಸುತ್ತ ಬೇರೆ ಬೇರೆ ಜಿಲ್ಲೆಯ ಮಕ್ಕಳು ಸೇರಿಕೊಂಡು ಕೂಗಿ ಗಂಟು ಎಣಿಸಿದರು. ಸೆನ್ಸರಿನ ಅಂಕಿ ಏರಿದಂತೆಲ್ಲ ನನ್ನ ಗಂಟು ಇಳಿಯಿತು, ಒಮ್ಮೆಯೂ ತಪ್ಪಲಿಲ್ಲ. ನಾನು ಕೆಳಗಿನಿಂದ ನೋಡಿದೆ, ಬಾಂದಾರದಲ್ಲಿ ಎರಡೇ ಮುಖ ಕಾಣುತ್ತಿದ್ದ ನನಗೆ ಅಂದು ಇಪ್ಪತ್ತು ಮುಖ ಕಂಡವು.

ಮರುದಿನ ಅಂತಿಮ ಸುತ್ತು. ಬೆಳಿಗ್ಗೆಯೇ ಎರಡು ಟೇಬಲ್‌ಗಳನ್ನು ಒಂದಕ್ಕೊಂದು ಹಚ್ಚಿದರು. ಸ್ಪರ್ಧೆಯ ಸಂಯೋಜಕರು ಬಂದರು. ಅವರು ಕೆಟ್ಟವರಲ್ಲ, ಸುಸ್ತಾದವರು. ಕೈಯಲ್ಲಿ ನಿಯಮಗಳ ಹಾಳೆಯಿತ್ತು. ಒಂದು ತಂಡ ಇನ್ನೊಂದು ತಂಡದ ಅಂಕಿಅಂಶ ಬಳಸುವಂತಿಲ್ಲ ಎಂದು ಏಳನೇ ನಿಯಮ ಓದಿದರು. ಟೇಬಲ್ ಬೇರೆ ಮಾಡಿ, ಇಲ್ಲದಿದ್ದರೆ ಎರಡೂ ತಂಡಗಳ ಹೆಸರು ತೆಗೆಯಬೇಕಾಗುತ್ತದೆ ಎಂದರು. ಓಂಕಾರನ ಶಾಲೆಯ ಸರ್ ಅವನನ್ನು ಕಂಬದ ಹಿಂದೆ ಕರೆದೊಯ್ದು ಮಾತಾಡಿದರು. ಮೂರು ವರ್ಷದಿಂದ ಆ ಶಾಲೆಗೇ ಮೊದಲ ಬಹುಮಾನ ಬರುತ್ತಿತ್ತು. ಹುಡುಗ ತಲೆ ತಗ್ಗಿಸಿ ಬಂದು ತನ್ನ ಟೇಬಲನ್ನು ಎಳೆದುಕೊಂಡು ಹಿಂದಕ್ಕೆ ಹೋದ.

ನಡುವೆ ನಾಲ್ಕು ಮೊಳ ಜಾಗ.

ಫಕ್ಕೀರವ್ವ ಇಟಗಿ ಮಾಸ್ತರ ಕಡೆ ನೋಡಿದಳು. ಅವರು, ಹಳ್ಳ ಅಳೆದವರು ನೀವು, ನಿರ್ಧಾರವೂ ನಿಮ್ಮದೇ ಎಂದರು. ಅವಳು ಮೆಹಜಬೀನಳ ಕಡೆ ನೋಡಿದಳು. ಮೆಹಜಬೀನ್ ಆಗಲೇ ನೋಟ್‌ಬುಕ್ ಎತ್ತಿಕೊಂಡಿದ್ದಳು. ಇಬ್ಬರೂ ನಮ್ಮ ಟೇಬಲನ್ನು ಖಾಲಿ ಬಿಟ್ಟು ಆ ನಾಲ್ಕು ಮೊಳ ದಾಟಿದರು. ಫಕ್ಕೀರವ್ವ ಸೆನ್ಸರಿನ ಪಕ್ಕದಲ್ಲಿ ನನ್ನನ್ನು ಸದ್ದಾಗುವಂತೆ ಇಟ್ಟಳು. ಅಲ್ಯೂಮಿನಿಯಂ ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಸಂಯೋಜಕರು ತಿರುಗಿದರು.

"ಹಳ್ಳ ಒಂದ ಐತ್ರಿ ಸರ್," ಎಂದಳು. "ಅದನ್ನ ಎರಡು ಟೇಬಲ್ ಮ್ಯಾಲೆ ಹೆಂಗ ಇಡೂದ್ರಿ? ನಮ್ಮ ಹೆಸರು ತಗೀರಿ. ನಾವು ಇಲ್ಲೇ ನಿಂದರ್ತೀವಿ."

ಓಂಕಾರ್ ಜೇಬಿನಿಂದ ಕೆಂಪು ಪೆನ್ನು ತೆಗೆದು, ತನ್ನ ಚೆಂದದ ನಕ್ಷೆಯ ಖಾಲಿ ಬಿಟ್ಟಿದ್ದ ಜಾಗದಲ್ಲಿ ಬುಧವಾರಗಳನ್ನು ಒಂದೊಂದಾಗಿ ಕೈಯಿಂದ ಬರೆಯತೊಡಗಿದ. ಅವನ ಸರ್ ಎರಡು ಸಲ ಹೆಸರು ಹಿಡಿದು ಕರೆದರು. ಅವನು ತಿರುಗಲಿಲ್ಲ. ಹದಿನೈದು ಕೆಂಪು ಶಿಖರ, ಒಂದು ಸಮತಟ್ಟು.

ಎರಡೂ ಹೆಸರು ಪಟ್ಟಿಯಿಂದ ಹೋದವು. ತೀರ್ಪುಗಾರರು ನಮ್ಮ ಟೇಬಲ್ ಬಿಟ್ಟು ಮುಂದೆ ಸಾಗಿದರು. ಅವರಲ್ಲಿ ಒಬ್ಬಾಕೆ ಮಾತ್ರ, ನರೆಗೂದಲಿನ ಭೂವಿಜ್ಞಾನಿ, ಹಿಂದೆ ಉಳಿದರು. ಅಂಕ ಕೊಡುವ ಹಾಗಿಲ್ಲ, ಪ್ರಶ್ನೆ ಕೇಳಲು ಅಡ್ಡಿಯಿಲ್ಲವಲ್ಲ ಎಂದು ಅರ್ಧ ತಾಸು ಕೇಳಿದರು. ಈ ಕೆಸರು ಕಲ್ಲಾಪುರ ಪಟ್ಟಣದ್ದೇ ಅಲ್ಲವೆಂದು ಹೇಗೆ ಹೇಳುತ್ತೀರಿ ಎಂಬುದು ಅವರ ಕೊನೆಯ ಪ್ರಶ್ನೆ. ನಮ್ಮವರಿಗೆ ಉತ್ತರ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದರು. ಎರಡು ಕಡೆ ಅಳೆದರೆ ಸಾಲದು, ಮೇಲಕ್ಕೆ ಹೋಗಿ ಎಂದು ಹೇಳಿ ಆಕೆ ಎದ್ದರು. ಸಂಜೆ ಬಹುಮಾನ ಹಂಚುವಾಗ ನಮ್ಮವರು ಕಾರವಾರದವರ ಜೊತೆ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು, ಹಳ್ಳದ ಮೇಲ್ಭಾಗದ ಶಾಲೆಗಳ ಹೆಸರುಗಳನ್ನು ನಾಗವೇಣಿಯ ನಕ್ಷೆಪುಸ್ತಕದಲ್ಲಿ ಗುರುತು ಹಾಕಿದರು.

ಅಲ್ಲಿಂದ ನಾನು ಸಣ್ಣಕೊಪ್ಪಕ್ಕೆ ಬರಲಿಲ್ಲ. ಎಂಟು ದಿನ ಓಂಕಾರನ ಮನೆಯಲ್ಲಿದ್ದೆ. ನನ್ನನ್ನು ಹಾಳೆಯ ಮೇಲೆ ಬೋರಲು ಹಾಕಿ ಸುತ್ತ ಪೆನ್ಸಿಲ್ ಓಡಿಸಿ, ಅದೇ ಅಳತೆಗೆ ಹತ್ತು ತಟ್ಟೆ ಮಾಡಿದರು. ಒಂದು ಎಣ್ಣೆ ಡಬ್ಬಿಯ ತಳ, ಒಂದು ಹಳೆಯ ಹರಿವಾಣ, ಒಂದು ಯಾರದೋ ಅಂಗಡಿಯ ಬೋರ್ಡಿನ ತುಂಡು. ನನ್ನೊಂದಿಗೆ ಹನ್ನೊಂದಾದವು. ಮಾರ್ಚಿನ ಮೊದಲ ಬುಧವಾರ ಹಳ್ಳದ ಗುಂಟ ಐದು ಶಾಲೆಗಳ ಮಕ್ಕಳು ಹನ್ನೊಂದು ಜಾಗದಲ್ಲಿ, ಒಂದೇ ಗಳಿಗೆಗೆ, ನಮ್ಮನ್ನು ನೀರಿಗೆ ಇಳಿಸಿದರು. ಕಲ್ಲಾಪುರದ ಮೇಲೂ ರಾಡಿ. ಅದರ ಮೇಲಿನ ಊರಿನಲ್ಲೂ ರಾಡಿ. ಹೊಸ ಸೇತುವೆಯ ಕೆಳಗೆ ಎರಡು ಗಂಟು, ಮೇಲೆ ಹನ್ನೆರಡು. ಸೇತುವೆಯ ಬಳಿ ಮುಳ್ಳುಕಂಟಿಯ ಹಿಂದೆ ಹೊಂಡಗಳು, ಡೀಸೆಲ್ ಪಂಪುಗಳು. ಹೊಲದ ಮಣ್ಣನ್ನು ತೊಳೆದು, ಕಟ್ಟಡದವರಿಗೆ ಮಾರಲು ಫಿಲ್ಟರ್ ಮರಳು ಮಾಡುತ್ತಿದ್ದರು. ಮಂಗಳವಾರ ಲಾರಿ ತುಂಬಿ, ಬುಧವಾರ ಹೊಂಡದ ಕೆಸರನ್ನು ಹಳ್ಳಕ್ಕೆ ಬಿಡುತ್ತಿದ್ದರು.

ಐದು ಶಾಲೆಗಳ ಮಕ್ಕಳು ಸಹಿ ಮಾಡಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು. ಪರಿಶೀಲಿಸುತ್ತೇವೆ ಎಂದರು. ಮತ್ತೆ ಹೋದರು. ಪರಿಶೀಲನೆಯಲ್ಲಿದೆ ಎಂದರು.

ಆಗ ಫಕ್ಕೀರವ್ವ ಇನ್ನೊಂದು ಕೆಲಸ ಶುರು ಮಾಡಿದಳು. ಗುರುವಾರ ಹಳ್ಳದಿಂದ ನೇರ ಬಸ್ ನಿಲ್ದಾಣಕ್ಕೆ, ಒದ್ದೆ ಮೈಯ ನನ್ನನ್ನು ಹೊತ್ತುಕೊಂಡೇ ಬಂದು, ಗೋಡೆಯ ಮೇಲೆ ಸುಣ್ಣದಿಂದ ದೊಡ್ಡದಾಗಿ ಬರೆದಳು: ಬುಧವಾರ ಹತ್ತು ಗಂಟು, ಗುರುವಾರ ಎರಡು ಗಂಟು. ಬಸ್ಸಿಗೆ ಕಾಯುವವರು ಓದಿದರು. ಎರಡನೇ ವಾರ ಯಾರೋ ಅದಕ್ಕೆ ಕೆಸರು ಬಳಿದರು. ಅವಳು ಪಕ್ಕದಲ್ಲಿ ಬರೆದಳು. ಅದಕ್ಕೂ ಬಳಿದರು. ಮೂರನೇ ವಾರ ಬೈಕಿನಲ್ಲಿ ಇಬ್ಬರು ನೀಲವ್ವನ ಮನೆಗೆ ಬಂದು, ಮಗಳಿಗೆ ಬುದ್ಧಿ ಹೇಳು, ಹೆಣ್ಣುಮಗಳು, ದಿನಾ ಮುಂಜಾನೆ ಜನವಿಲ್ಲದ ಹಳ್ಳಕ್ಕೆ ಹೋಗುತ್ತಾಳೆ ಎಂದು ನಗುನಗುತ್ತಲೇ ಹೇಳಿ ಹೋದರು.

ನೀಲವ್ವ ಅಂಜುವ ಹೆಂಗಸು. ಇಡೀ ಬದುಕು ತಲೆ ತಗ್ಗಿಸಿ ಊರವರ ಬಾಗಿಲಲ್ಲಿ ನಿಂತವಳು. ಇನ್ನು ನನ್ನನ್ನು ಒಲೆಗೆ ಹಾಕುತ್ತಾಳೆ ಎಂದುಕೊಂಡೆ. ಮರುದಿನ ಗುರುವಾರ. ಬೆಳಿಗ್ಗೆ ಮಗಳ ಜೊತೆ ತಾನೂ ಹಳ್ಳಕ್ಕೆ ಬಂದಳು, ನಾನು ಇಳಿಯುವುದನ್ನು ಮೊದಲ ಸಲ ನೋಡಿದಳು, ಬಾಯಿಬಿಟ್ಟು ಗಂಟು ಎಣಿಸಿದಳು. ಆಮೇಲೆ ಕೊಡ ತುಂಬಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಜನ ನೋಡುತ್ತಿರುವಂತೆಯೇ ಸೆರಗು ಸಿಕ್ಕಿಸಿ ಗೋಡೆಗೆ ನೀರು ಎರಚಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಕೆಸರು ತೊಳೆದಳು.

"ಬಟ್ಟಿ ತೊಳದ ಕೈಗೆ ಗ್ವಾಡಿ ದೊಡ್ಡದಲ್ಲ," ಎಂದಳು. "ಬರಿ, ಯವ್ವಾ."

ಫಕ್ಕೀರವ್ವ ಬರೆದಳು. ಧೋತರ ಚೆಲ್ಲಿದ್ದ ದೊಡ್ಡ ಮನೆಯ ಹೆಂಗಸೂ ಅಂದು ಅಲ್ಲೇ ನಿಂತಿದ್ದಳು. ಓದಿ ಬಸ್ಸು ಹತ್ತಿದಳು. ಮುಂದಿನ ವಾರದಿಂದ ಅವಳ ಮನೆಯ ಬಟ್ಟೆ ಮರಳಿ ಬಂತು, ಗುರುವಾರ ಬಿಟ್ಟು ಬೇರೆ ದಿನ ಒಗೆಯಲು ಹೇಳಿ ಕಳಿಸಿದ್ದಳು. ಉಳಿದ ನಾಲ್ಕು ಊರುಗಳಲ್ಲೂ ಗೋಡೆಗಳ ಮೇಲೆ ಗಂಟಿನ ಲೆಕ್ಕ ಬಂತು. ಕಲ್ಲಾಪುರದಲ್ಲಿ ಓಂಕಾರ್ ಶಾಲೆಯ ಕಾಂಪೌಂಡಿನ ಮೇಲೆಯೇ ಬರೆದು ಬೈಸಿಕೊಂಡ. ಐದು ಊರುಗಳ ಗೋಡೆ ಒರೆಸುವಷ್ಟು ಪುರುಸೊತ್ತು ಮರಳಿನವರಿಗೆ ಇರಲಿಲ್ಲ. ಏಪ್ರಿಲ್ ಕೊನೆಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದು, ಗೋಡೆ ಓದಿ, ಹುಡುಗಿಯರಿಬ್ಬರನ್ನೂ ಕರೆಸಿ ನೋಟ್‌ಬುಕ್ ಕೇಳಿದರು. ಮೆಹಜಬೀನ್ ಅದನ್ನು ಕೊಡಲಿಲ್ಲ. ಎದುರಿಗೇ ಕೂತು ನಕಲು ಬರೆದುಕೊಟ್ಟಳು. ಹದಿನೈದು ದಿನಕ್ಕೆ ಪಂಪುಗಳು ಹೋದವು.

ಮುಂದಿನ ಕಾರ್ತಿಕದಲ್ಲಿ ಒಂದು ಗುರುವಾರ ನಾನು ಹತ್ತು ಗಂಟು ಇಳಿದೆ, ಮೇಲಿನ ಮುಖಗಳು ಇನ್ನೂ ಕಾಣುತ್ತಿದ್ದವು. ನೀಲವ್ವನದೂ ಸೇರಿ ಮೂರು ಮುಖ.

ಆ ವರ್ಷ ಸ್ಪರ್ಧೆಯ ಅರ್ಜಿಯಲ್ಲಿ ಶಾಲೆಯ ಹೆಸರಿಗೆ ಒಂದೇ ಸಾಲು ಇತ್ತು. ಫಕ್ಕೀರವ್ವ ಅದರಲ್ಲಿ ಐದು ಶಾಲೆಗಳ ಹೆಸರು ತುರುಕಿ ಬರೆದಳು. ಅರ್ಜಿ ವಾಪಸು ಬಂತು. ಹಾಗೇ ಮತ್ತೆ ಕಳಿಸಿದಳು, ಮತ್ತೆ ವಾಪಸು. ಮೂರನೆಯ ಸಲವೂ ಬಂತು. ಬಹುಮಾನ ಆ ವರ್ಷವೂ ಇಲ್ಲ, ಯಾವ ವರ್ಷವೂ ಇಲ್ಲ. ಈಗ ಅವಳು, ಮೆಹಜಬೀನ್ ಇಬ್ಬರೂ ಕಲ್ಲಾಪುರದ ಕಾಲೇಜಿನಲ್ಲಿ ಓದುತ್ತಾರೆ. ಇಟಗಿ ಮಾಸ್ತರಿಗೆ ವರ್ಗವಾಯಿತು.

ನನಗೂ ವಯಸ್ಸಾಯಿತು. ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿದೆ, ಅಂಚು ಕಲ್ಲಿಗೆ ಬಡಿದು ಸೊಟ್ಟಗಾಗಿದೆ. ವಿಜ್ಞಾನದ ಕೋಣೆಯ ಮೂಲೆಯಲ್ಲಿ ಮೊಳೆಗೆ ನೇತುಹಾಕಿದ್ದಾರೆ. ಹೊಸ ಹೆಡ್‌ಮಾಸ್ತರು ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟು ಕೆಳಗೊಂದು ಚೀಟಿ ಅಂಟಿಸುವ ಮಾತಾಡುತ್ತಿದ್ದಾರೆ. ಗೌರವವೇ ಇರಬಹುದು. ನನಗೆ ಬೇಡ. ನನ್ನನ್ನು ನೋಡಿದರೆ ಏನೂ ತಿಳಿಯುವುದಿಲ್ಲ; ನಾನು ಕಾಣದಾಗುವ ಜಾಗವನ್ನು ನೋಡಬೇಕು. ಅದಕ್ಕೆ ನೀರು ಬೇಕು, ಹಗ್ಗ ಹಿಡಿಯುವ ಕೈ ಬೇಕು.

ಮರಳಿನವರು ವ್ಯವಹಾರ ಬಿಟ್ಟಿಲ್ಲ. ಗುಡ್ಡದ ಆಚೆ ಇನ್ನೊಂದು ಹಳ್ಳಕ್ಕೆ ಹೋಗಿದ್ದಾರೆ ಎಂದು ಸುದ್ದಿ. ಹೋದ ಸೋಮವಾರ ಆ ಕಡೆಯ ಶಾಲೆಯಿಂದ ಎಂಟನೇ ತರಗತಿಯ ಇಬ್ಬರು ಹುಡುಗಿಯರು ಬಂದಿದ್ದರು. ಫಕ್ಕೀರವ್ವನೇ ಕಳಿಸಿದ್ದಂತೆ. ಹೆಡ್‌ಮಾಸ್ತರು ಕಪಾಟಿನ ಮಾತೆತ್ತುವಷ್ಟರಲ್ಲಿ ಒಬ್ಬಳು ಕುರ್ಚಿ ಹತ್ತಿ ನನ್ನನ್ನು ಮೊಳೆಯಿಂದ ತೆಗೆದಿದ್ದಳು. ಇನ್ನೊಬ್ಬಳು ಹಗ್ಗ ತಂದಿದ್ದಳು.